ಮುಕ್ಕಾಲು ತಾಸು ಹಿಂದೆ ಇದ್ದ ಕ್ಯಾಮೆರಾ

ಕ್ಯಾಮೆರಾ ಚಾಲೂ ಮಾಡಿದ ಕೂಡಲೇ ಅದು ಮೊದಲು ಕೇಳಿದ್ದು ತಾರೀಖು ಮತ್ತು ವೇಳೆ.

ಅಕ್ಕಾರು ತೀರಿಕೊಂಡ ಮೇಲೆ ಅವರ ತಮ್ಮ ಕ್ಯಾಮೆರಾದ ಚೀಲವನ್ನು ನನ್ನ ಕೈಗೆ ಕೊಟ್ಟು, "ಇದ ನಿನಗ ಅಂತ ಹೇಳಿದ್ಲವಾ" ಎಂದಷ್ಟೇ ಹೇಳಿ ಹೋಗಿದ್ದರು. ನಾನೂ ತಿಂಗಳುಗಟ್ಟಲೆ ಅದನ್ನು ಕಪಾಟಿನಿಂದ ಇಳಿಸಲಿಲ್ಲ. ಇಂಥ ಕ್ಯಾಮೆರಾದ ಹೊಟ್ಟೆಯಲ್ಲಿ ಗಡಿಯಾರ ನಡೆಸಲೆಂದೇ ಒಂದು ಸಣ್ಣ ಬ್ಯಾಟರಿ ಬೇರೆ ಇರುತ್ತದೆ. ಬಹಳ ದಿನ ಮುಟ್ಟದಿದ್ದರೆ ಅದು ಬರಿದಾಗಿ, ಕ್ಯಾಮೆರಾ ಎಲ್ಲ ಮರೆತು, ಈಗೆಷ್ಟು ಹೊತ್ತು ಎಂದು ಊರಿಗೆ ಹೊಸದಾಗಿ ಬಂದವರ ಹಾಗೆ ಕೇಳುತ್ತದೆ. ಬೇರೆ ಯಾರದೇ ಕ್ಯಾಮೆರಾ ಆಗಿದ್ದರೆ ಏನೋ ಒಂದು ಒತ್ತಿ ಮುಂದೆ ಹೋಗುತ್ತಿದ್ದೆ. ಆದರೆ ಈ ಕ್ಯಾಮೆರಾದ ಗಡಿಯಾರದ ಮೇಲೆ ಒಬ್ಬ ಹುಡುಗಿಯ ಮಾನ ನಿಂತದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಬೆರಳು ಅಲ್ಲೇ ತಡೆಯಿತು.

ಅವರ ಹೆಸರು ಬರೆಯುವುದಿಲ್ಲ. ಗದಗ-ಬೆಟಗೇರಿಯಲ್ಲಿ ಎಲ್ಲರೂ ಅವರನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು, ಅವರಿಗಿಂತ ಹಿರಿಯರು ಕೂಡ.

ನಾನು ಮೊದಲು ಅವರ ಸ್ಟುಡಿಯೊ ಮೆಟ್ಟಿಲು ಹತ್ತಿದ್ದು ಬಿ.ಕಾಂ. ಮುಗಿಸಿದಾಗ. ನಮ್ಮೂರು ಅಸುಂಡಿ. ಅಪ್ಪ ಗದಗಿನ ಎಪಿಎಂಸಿಯಲ್ಲಿ ಹಮಾಲ, ಅವ್ವ ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುವಾಕೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದವರು ನನಗಿಂತ ಮುಂಚೆ ಯಾರೂ ಇಲ್ಲ. ಇದನ್ನು ನಾನು ಸಣ್ಣ ದನಿಯಲ್ಲಿ ಹೇಳುವುದಿಲ್ಲ. ಕರಿ ಗೌನು, ಚೌಕ ಟೋಪಿ ಹಾಕಿಕೊಂಡ ಫೋಟೊ ನಮ್ಮ ಪಡಸಾಲೆಯಲ್ಲಿ ತೂಗಬೇಕೆಂದು ಅಪ್ಪನ ಆಸೆ. ಗೌನು ಬಾಡಿಗೆಗೆ ಕೊಡುವ ಸ್ಟುಡಿಯೊ ಬೆಟಗೇರಿಯ ನೇಕಾರರ ಓಣಿಯ ಬಾಯಲ್ಲಿ ಇದೆ ಎಂದು ಕೇಳಿ ಹೋದೆ.

ಒಳಗೆ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಬಿಗಿದು, ಕನ್ನಡಕ ತಲೆಯ ಮೇಲೆ ಏರಿಸಿ, ಕ್ಯಾಮೆರಾದ ಬಾಯಿಗೆ ರಬ್ಬರಿನ ಗಾಳಿಗುಂಡಿನಿಂದ ಗಾಳಿ ಊದುತ್ತಿದ್ದರು. ನನ್ನ ಕಡೆ ನೋಡಲೂ ಇಲ್ಲ.

"ಗೌನ ಬೇಕಾಗಿತ್ರಿ."

"ಮಾರ್ಕ್ಸ್ ಕಾರ್ಡ್ ತಂದೀಯೇನ?"

ನನಗೆ ಸಿಟ್ಟು ಬಂತು. "ನಮ್ಮಪ್ಪ ಚೀಲಾ ಹೊತ್ತ ಓದಿಸ್ಯಾನ್ರಿ. ಸುಳ್ಳ ಹೇಳಾಕ ಬಂದಿಲ್ಲ ನಾ."

ಆಗ ತಲೆ ಎತ್ತಿದರು. "ಅದಕ್ಕ ಕೇಳಾಕತ್ತೀನಿ ಹುಚ್ಚಿ. ಸುಳ್ಳ ಮಂದಿ ಹಾಕ್ಕೊಂಡಿದ್ದ ಗೌನ ನಿನ್ನ ಮೈಮ್ಯಾಲೆ ಹ್ಯಾಂಗ ಹಾಕ್ಲಿ?"

ಬೇರೆ ಸ್ಟುಡಿಯೊಗಳಲ್ಲಿ ಯಾರು ಬೇಕಾದರೂ ಗೌನು ಹಾಕಿಕೊಂಡು ಫೋಟೊ ತೆಗೆಸಬಹುದಿತ್ತು. ಹೆಣ್ಣು ನೋಡಲು ಹೋಗುವ ಮುಂಚೆ ಹಾಗೆ ತೆಗೆಸಿಕೊಂಡವರು ಬಹಳ ಜನ. ಅಕ್ಕಾರು ಮಾತ್ರ ಪಾಸಾದ ಕಾಗದ ನೋಡದೆ ಗೌನು ಮುಟ್ಟಲು ಬಿಡುತ್ತಿರಲಿಲ್ಲ. ನಾನು ಕಾಗದ ತೋರಿಸಿದೆ. ಅವರು ಅದನ್ನು ಕೈ ಒರೆಸಿಕೊಂಡು ಹಿಡಿದು, ಕೊನೆಯ ಸಾಲಿನವರೆಗೂ ಓದಿ, ಗೌನಿಗೆ ತಾವೇ ಇಸ್ತ್ರಿ ಮಾಡಿ ಹೊದಿಸಿದರು. "ಎದಿ ಉಬ್ಬಿಸಬ್ಯಾಡ. ಖರೇನ ಓದೀದಿ, ಮಾರಿಮ್ಯಾಲ ಕಾಣ್ತೈತಿ" ಎಂದರು. ಆ ಫೋಟೊ ಈಗಲೂ ಪಡಸಾಲೆಯಲ್ಲಿದೆ. ನೌಕರಿ ಹುಡುಕಿ ಸಾಕಾಗಿ ಮತ್ತೆ ಅದೇ ಮೆಟ್ಟಿಲು ಹತ್ತಿದಾಗ, ಎರಡನೇ ಕ್ಯಾಮೆರಾ ಹಿಡಿಯುವ ಕೆಲಸ ಕೊಟ್ಟು, ನನ್ನ ಹೆಸರು ಮರೆತವರ ಹಾಗೆ "ಏ ಡಿಗ್ರಿ" ಎಂದು ಕರೆಯತೊಡಗಿದರು. ಅಣಕವೋ ಅಭಿಮಾನವೋ, ಕೊನೆಯವರೆಗೂ ಹೇಳಲಿಲ್ಲ.

ಅವರು ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ: "ಮಂದಿ ಮದಿವಿ ಮುಗದ ಮ್ಯಾಲೆ ನೋಡೂಣು ಅಂತ ಇದ್ನಿ. ಮಂದಿ ಮದಿವಿ ಮುಗಿಯವಲ್ಲವು."

ಕನ್ನಡಿ ಇಲ್ಲದ ಈ ಮಿರರ್‌ಲೆಸ್ ಕ್ಯಾಮೆರಾಗಳು ನಮ್ಮ ಕಡೆ ಬಂದ ಮೇಲೆ ಸ್ಟುಡಿಯೊ ಅರ್ಧ ಆಸ್ಪತ್ರೆಯಾಯಿತು. ಮುಂಡರಗಿ, ಶಿರಹಟ್ಟಿ, ಮುಳಗುಂದದಿಂದ ಹುಡುಗರು ಮಕ್ಕಳನ್ನು ಎತ್ತಿಕೊಂಡ ಹಾಗೆ ಕ್ಯಾಮೆರಾ ಎತ್ತಿಕೊಂಡು ಬರುತ್ತಿದ್ದರು. ಅಕ್ಕಾರ ಮೊದಲ ಮಾತು ಯಾವಾಗಲೂ ಒಂದೇ: "ಮೊದ್ಲ ಬಾಯಿ ಬಂದ್ ಮಾಡ್ರಿ, ಆಮ್ಯಾಲೆ ಕ್ಯಾಮೆರಾ ಬಂದ್ ಮಾಡ್ರಿ." ಬ್ಯಾಟರಿ ತೆಗೆದು, ಕಾರ್ಡ್ ತೆಗೆದು, ಲೆನ್ಸ್ ಬಿಚ್ಚಿ, ಅದು ಕ್ಯಾಮೆರಾಕ್ಕೆ ಕೂಡುವಲ್ಲಿರುವ ಹಿತ್ತಾಳೆಯ ಚುಕ್ಕೆಗಳನ್ನು ಹಳೇ ಹತ್ತಿ ಸೀರೆಯ ತುಂಡಿನಿಂದ ಒರೆಸಿ ಮತ್ತೆ ಕೂಡಿಸುತ್ತಿದ್ದರು. ಅರ್ಧಕ್ಕರ್ಧ ರೋಗ ಅಲ್ಲಿಗೇ ಹೋಗುತ್ತಿತ್ತು. ಉಳಿದದ್ದಕ್ಕೆ ಎರಡನೇ ಮಾತು: "ಕ್ಯಾಮೆರಾ ಕೆಟ್ಟಿಲ್ಲ. ಯಾರೋ ಏನೋ ಒತ್ಯಾರ."

ಡೋಣಿ ಊರಿನ ಒಬ್ಬ ಮಾಸ್ತರರು ಬಂದದ್ದು ನೆನಪಿದೆ. "ಅಕ್ಕಾರ, ಹಿಂದಿನ ಪರದೆ ಕರ್ರಗಾಗೈತ್ರಿ. ಸತ್ತೈತಿ ಇದು" ಎಂದು ಅಳುವ ಮುಖ ಮಾಡಿದ್ದರು. ಇಣುಕಿ ನೋಡುವ ಕಿಂಡಿಯ ಪಕ್ಕ ಒಂದು ಸಣ್ಣ ಕಣ್ಣಿರುತ್ತದೆ. ಮನುಷ್ಯರ ಮುಖ ಹತ್ತಿರ ಬಂದರೆ ಅದು ಹಿಂದಿನ ಪರದೆ ಆರಿಸಿ ಚಿತ್ರವನ್ನು ಕಿಂಡಿಗೆ ಕಳಿಸುತ್ತದೆ. ಮಾಸ್ತರರು ಹೊಸ ಕ್ಯಾಮೆರಾಕ್ಕೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಕರಿ ದಾರದ ಗೊಂಡೆ ಸರಿಯಾಗಿ ಆ ಕಣ್ಣಿನ ಮೇಲೇ ತೂಗಾಡುತ್ತಿತ್ತು. ಅಕ್ಕಾರು ಕತ್ತರಿ ತೆಗೆದುಕೊಂಡರು.

"ದೃಷ್ಟಿ ಆದೀತ್ರೀ!"

"ಈಗ ಇದಕ್ಕ ದೃಷ್ಟಿನ ಇಲ್ಲದಂಗ ಮಾಡೀರಿ. ಕೈ ತಗೀರಿ."

ಮುಳಗುಂದದ ಹುಡುಗನೊಬ್ಬ ತೊಟ್ಟಿಲ ಕಾರ್ಯದ ಫೋಟೊ ತಂದಿದ್ದ. ಎಲ್ಲದರ ಮೇಲೂ ಅಡ್ಡಡ್ಡ ಕಪ್ಪು ಪಟ್ಟಿ. ಕೂಸು ಎಚ್ಚರಾಗದಿರಲೆಂದು ಸದ್ದಿಲ್ಲದೆ ತೆಗೆಯುವ ಸೆಟ್ಟಿಂಗ್ ಹಾಕಿದ್ದನಂತೆ. "ಎಲ್‌ಇಡಿ ದೀಪ ಮಿಣಮಿಣ ಅಂತಿರ್ತಾವಪ್ಪಾ, ನಮಗ ಕಾಣಂಗಿಲ್ಲ, ಅದಕ್ಕ ಕಾಣ್ತೈತಿ. ಸದ್ದ ಮಾಡ್ಲಿ ಬಿಡು. ಕೂಸ ಅಳೂದರಾಗ ನಿನ್ನ ಕ್ಯಾಮೆರಾದ ಸದ್ದ ಯಾರಿಗೆ ಕೇಳ್ತೈತಿ?"

ಲೆನ್ಸ್ ಬದಲಿಸುವಾಗ ಮಾತ್ರ ಅವರ ಜೊತೆ ಯಾರೂ ಮಾತಾಡುವಂತಿರಲಿಲ್ಲ. ಒಳಗೆ ಕನ್ನಡಿಯ ಮರೆಯಿಲ್ಲ, ಬಾಯಿ ತೆರೆದರೆ ಧೂಳು ನೇರ ಒಳಗೇ. ಕಪ್ಪತಗುಡ್ಡದ ಕಡೆಯ ಗಾಳಿ ನಮ್ಮಲ್ಲಿ ಆಷಾಢದಲ್ಲಿ ಹೇಗೆ ಬೀಸುತ್ತದೆಂದು ಗೊತ್ತಿದ್ದವರಿಗೆ ಗೊತ್ತು. ಅಕ್ಕಾರು ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಬಾಯಿ ನೆಲಕ್ಕೆ ಮಾಡಿ, ಸೆರಗಿನ ಮರೆಯಲ್ಲಿ, ಕೂಸಿಗೆ ಹಾಲು ಕೊಡುವವರ ಹಾಗೆ ಬದಲಿಸುತ್ತಿದ್ದರು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಒಂದು ವಿಷಯದಲ್ಲಿ ಸುಳ್ಳು ಮಾಡುತ್ತಿದ್ದರು. ಅದು ಮುಹೂರ್ತದ ಗಡಿಯಾರ.

ನಮ್ಮ ಕಡೆ ಮದುವೆಯ ಆಲ್ಬಮ್ಮಿನಲ್ಲಿ ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಫೋಟೊದ ಮೂಲೆಯಲ್ಲಿ ವೇಳೆ ಬರೆದಿರಬೇಕು. ರೀಲಿನ ಕಾಲದಿಂದ ಬಂದ ರೂಢಿ. ಲಗ್ನಪತ್ರಿಕೆಯಲ್ಲಿ ಅಚ್ಚಾದ ಮುಹೂರ್ತ, ಫೋಟೊದ ಮೂಲೆಯ ವೇಳೆ, ಎರಡೂ ಕೂಡಿದರೆ ಹಿರಿಯರಿಗೆ ಸಮಾಧಾನ. ಆದರೆ ಅಕ್ಕಿಕಾಳು ಬರೆದ ವೇಳೆಗೆ ಬೀಳುವ ಮದುವೆ ಎಷ್ಟಿವೆ? ಆದ್ದರಿಂದ ತಡವಾದಾಗಲೆಲ್ಲ ಸುತ್ತಲಿನ ಫೋಟೊದವರು ಸದ್ದಿಲ್ಲದೆ ಕ್ಯಾಮೆರಾದ ಗಡಿಯಾರ ಹಿಂದೆ ತಿರುವುತ್ತಿದ್ದರು. ಫೋಟೊದ ಮೇಲೆ ಬೇಕಾದ ವೇಳೆ ಬರೆದರೆ ಸಾಲದು. ಈಗ ಎಲ್ಲರೂ ಪೆನ್‌ಡ್ರೈವಿನಲ್ಲಿ ಮೂಲ ಫೋಟೊ ಕೇಳುತ್ತಾರೆ, ಅದರ ಒಳಗೆ ಕ್ಯಾಮೆರಾ ಬರೆದಿಟ್ಟ ವೇಳೆಯನ್ನು ತೆರೆದು ನೋಡುವ ಅಳಿಯಂದಿರೂ ಇದ್ದಾರೆ.

ಒಮ್ಮೆ ಕೇಳಿಯೇಬಿಟ್ಟೆ. "ಗೌನಿಗೆ ಕಾಗದ ಕೇಳ್ತೀರಿ. ಇದು ಸುಳ್ಳಲ್ಲೇನ್ರಿ?"

"ಫೋಟೊ ತಿದ್ದಿಲ್ಲಲ್ಲ ನಾ? ಗಡಿಯಾರ ತಿರುವೀನಿ ಅಷ್ಟ. ಅದು ಸುಳ್ಳಲ್ಲ, ಮರ್ಯಾದಿ."

"ಮರ್ಯಾದಿ ಮುಕ್ಕಾಲ ತಾಸ ಹಿಂದ ಇರ್ತೈತೇನ್ರಿ?"

"ಏ ಡಿಗ್ರಿ, ನಿನ್ನ ಕ್ಯಾಮೆರಾನೂ ತಿರುವು. ಬಾಯಿ ತಿರುವಬ್ಯಾಡ."

ನನ್ನ ಕ್ಯಾಮೆರಾ ತಿರುವಿದರೂ ನಿಲ್ಲುತ್ತಿರಲಿಲ್ಲ. ಅದನ್ನು ನಾನು ನನ್ನ ಮೊಬೈಲಿಗೆ ಜೋಡಿಸಿದ್ದೆ. ಜೋಡಿಸಿಟ್ಟರೆ ಮೊಬೈಲು ಆಗಾಗ ಕ್ಯಾಮೆರಾದ ಗಡಿಯಾರವನ್ನು ತಾನೇ ಸರಿಪಡಿಸುತ್ತದೆ. ಮನೆಗೆ ಬಂದು ಎರಡೂ ಕಾರ್ಡಿನ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದರೆ ವೇಳೆಯ ಪ್ರಕಾರ ಸಾಲು ಹಚ್ಚುವಾಗ ಎಲ್ಲ ಕಲಸುಮೇಲೋಗರ. ಅವರ ಕ್ಯಾಮೆರಾದಲ್ಲಿ ತಾಳಿ ಕಟ್ಟಿದ ಮೇಲೆ ನನ್ನ ಕ್ಯಾಮೆರಾದಲ್ಲಿ ವರ ಇನ್ನೂ ಗಾಡಿ ಇಳಿಯುತ್ತಿರುತ್ತಿದ್ದ. "ನಿನ್ನಂಗ ನಿನ್ನ ಕ್ಯಾಮೆರಾನೂ ಒಬ್ಬರ ಮಾತ ಕೇಳಂಗಿಲ್ಲ" ಎಂದು ಬೈಯುತ್ತಿದ್ದರು. ಮುಂದೆ ಅದೇ ಉಪಯೋಗಕ್ಕೆ ಬಂತು.

ಲಕ್ಷ್ಮೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ. ಹೆಣ್ಣಿನವರು ಮುಳಗುಂದದ ಕಾಳಿನ ವ್ಯಾಪಾರಸ್ಥರು, ಗಂಡಿನವರು ಶಿರಹಟ್ಟಿಯವರು. ಮುಹೂರ್ತ ಹನ್ನೊಂದಕ್ಕೆ. ಹತ್ತಿರದ ಊರಿನವರೇ ಯಾವಾಗಲೂ ತಡವಾಗಿ ಬರುವುದು. ಗಂಡಿನ ಗಾಡಿಗಳು ಬಂದು ನಿಲ್ಲುವಾಗ ಹನ್ನೊಂದು ಆಗಿಹೋಗಿತ್ತು. ಗಂಡಿನ ತಾಯಿಗೆ ಮುಹೂರ್ತದ ಭಯ ಬಹಳ. ದೊಡ್ಡ ಮಗನ ಸಂಸಾರ ಮುರಿದದ್ದು ಅವನ ಅಕ್ಕಿಕಾಳು ತಡವಾಗಿ ಬಿದ್ದದ್ದಕ್ಕೇ ಎಂದು ನಂಬಿದ್ದರು. ಗಂಡಿನ ತಂದೆ ಹೆಂಡತಿಗೆ, "ಇನ್ನೂ ವ್ಯಾಳ್ಯಾ ಐತಿ, ಗಡಬಡಿ ಮಾಡಬ್ಯಾಡ" ಎಂದು ಹೇಳುತ್ತಲೇ ಇದ್ದರು. ಗಂಡ ಹೇಳಿದ ವೇಳೆಯೇ ಆಕೆಗೆ ವೇಳೆ.

ವೇದಿಕೆಯ ಹಿಂದೆ ಮದುಮಗಳ ತಾಯಿ ಅಕ್ಕಾರ ಎರಡೂ ಕೈ ಹಿಡಿದುಕೊಂಡರು. "ಅಕ್ಕಾರ, ಫೋಟೊದಾಗ ಹನ್ನೊಂದ ಬರಬೇಕ್ರಿ. ಇಲ್ಲಾಂದ್ರ ನಾಳೆ ಆ ಮನ್ಯಾಗ ಒಂದ ಲೋಟಾ ಬಿದ್ರೂ ನನ್ನ ಮಗಳ ಮ್ಯಾಲೆ ಬರ್ತೈತಿ."

"ಆತ ಬಿಡ ತಂಗಿ. ನಾ ಅದೀನಿ" ಎಂದರು ಅಕ್ಕಾರು. ನಾನು ನೋಡುತ್ತಿದ್ದ ಹಾಗೆ ಮೆನು ತೆರೆದು ಗಡಿಯಾರ ಮುಕ್ಕಾಲು ತಾಸು ಹಿಂದೆ ತಿರುವಿದರು.

ಅಕ್ಕಿಕಾಳು ಬೀಳುವ ಹೊತ್ತಿಗೆ ನನ್ನ ಕ್ಯಾಮೆರಾದ ಪರದೆ ಕಪ್ಪಾಯಿತು.  ಒತ್ತಿದ್ದೇ ಒತ್ತಿದೆ, ಏನೂ ಕಾಣದು. ಅಕ್ಕಾರು ವೇದಿಕೆಯ ಆ ತುದಿಯಿಂದ, ವಾಲಗದ ಸದ್ದಿನ ಮೇಲೆ ಕೂಗಿದರು: "ಕೆಟ್ಟಿಲ್ಲಲೇ! ಏನೋ ಮುಚ್ಚೈತಿ, ಒರಸು!" ಅರಿಷಿಣ ಹಚ್ಚಿದ ಅಕ್ಕಿಯ ಕಾಳೊಂದು ಕಿಂಡಿಯ ಪಕ್ಕದ ಆ ಸಣ್ಣ ಕಣ್ಣಿಗೆ ಅಂಟಿತ್ತು. ಒರೆಸಿ ತೆಗೆಯುವಷ್ಟರಲ್ಲಿ ಕಾಳು ಬಿದ್ದು ಮುಗಿದಿತ್ತು. ನನಗೆ ಸಿಕ್ಕದ್ದು ಮರುಕ್ಷಣದ ಫೋಟೊ: ಮದುಮಗಳ ತಲೆಯ ಮೇಲೆ ಹಳದಿ ಕಾಳು, ವರನ ಬಾಸಿಂಗಕ್ಕೆ ಸಿಕ್ಕಿಕೊಂಡ ಒಂದು ಚೆಂಡು ಹೂವಿನ ಎಸಳು.

ಊಟದ ಹೊತ್ತಿಗೆ ಗದ್ದಲವೆದ್ದಿತು. ಮದುಮಗಳ ಖೋಲಿಯಲ್ಲಿಟ್ಟಿದ್ದ ಬಂಗಾರದ ಪಾಟ್ಲಿ, ಅಂದರೆ ಕೈಗೆ ಹಾಕುವ ಬಳೆಗಳ ಜೋಡಿ, ಕಾಣೆಯಾಗಿತ್ತು. ಮಂಟಪದ ಓಣಿಯಂಥ ಹಾದಿಯಲ್ಲಿ ಗೋಡೆಗೊಂದು ಕ್ಯಾಮೆರಾ ಇತ್ತು. ಅದರಲ್ಲಿ ಹನ್ನೊಂದೂಮುಕ್ಕಾಲರ ಹೊತ್ತಿಗೆ ಹಸಿರು ಸೀರೆಯ ಒಬ್ಬ ಹೆಂಗಸು ತಲೆ ತುಂಬ ಸೆರಗು ಹೊದ್ದು ಖೋಲಿಗೆ ಹೋಗಿ ಬಂದದ್ದು ಕಂಡಿತು. ಮುಖ ಕಾಣಲಿಲ್ಲ. ಮದುಮಗಳಿಗೆ ಅಲಂಕಾರ ಮಾಡಲು ಮುಂಡರಗಿಯಿಂದ ಬಂದಿದ್ದ ಹುಡುಗಿಯೂ ಹಸಿರು ಸೀರೆ ಉಟ್ಟಿದ್ದಳು. ಆ ಖೋಲಿಯ ಕೀಲಿ ಬೆಳಿಗ್ಗೆಯಿಂದ ಅವಳ ಕೈಯಲ್ಲಿತ್ತು. ಎಲ್ಲರ ಸಂಶಯ ಅವಳ ಮೇಲೇ ಹೋಗಿ ನಿಂತಿತು.

ಮರುದಿನ ಮಧ್ಯಾಹ್ನ ಅವರೆಲ್ಲ ಸ್ಟುಡಿಯೊಕ್ಕೆ ಬಂದರು. ಮದುಮಗಳ ತಂದೆ, ತಾಯಿ, ಶಿರಹಟ್ಟಿಯ ಬೀಗರು, ಅಂದರೆ ಗಂಡಿನ ತಂದೆ. ಅವರ ಹಿಂದೆ ಆ ಹುಡುಗಿ ಮತ್ತು ಅವಳಪ್ಪ. ಹುಡುಗಿಯ ಕಣ್ಣು ಬಾತಿದ್ದವು. ಅವಳಪ್ಪ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದರು.

"ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನಾ ಸ್ಟೇಜಿನ ಮ್ಯಾಲ ಇದ್ನಿರಿ" ಎಂದಳು ಹುಡುಗಿ. "ಕಾಳು ಹಾಕೇನ್ರಿ ನಾನೂ. ಮಂದಿಯೆಲ್ಲಾ ಅಲ್ಲೇ ಇದ್ರು, ಆಗ ಯಾರೋ ಖೋಲಿಗೆ ಹೋಗ್ಯಾರ. ಫೋಟೊ ನೋಡ್ರಿ, ನಾ ಇರ್ತೀನಿ."

ಅಕ್ಕಾರು ಫೋಟೊ ತೆರೆದರು. ಹುಡುಗಿ ಇದ್ದಳು. ವರನ ಭುಜದ ಹಿಂದೆ, ಕೈ ಎತ್ತಿ, ಬಾಯಿ ತೆರೆದು ನಗುತ್ತಾ, ಗಾಳಿಯಲ್ಲಿ ತೂರಿದ ಕಾಳಿನ ನಡುವೆ. ಹುಡುಗಿ ಉಸಿರು ಬಿಟ್ಟಳು.

ಮದುಮಗಳ ತಂದೆ ಬಗ್ಗಿ ಪರದೆಯ ಮೂಲೆ ನೋಡಿದರು. "ಹನ್ನೊಂದು ಐತಿ ಇದರಾಗ. ಖೋಲಿಗೆ ಹೋಗಿದ್ದು ಹನ್ನೊಂದೂಮುಕ್ಕಾಲಕ್ಕ. ಕಾಳು ಹಾಕಿ ಕೆಳಗ ಇಳದ ಹೋಗ್ಯಾಳ."

"ಇಲ್ರೀ! ಕಾಳು ಬಿದ್ದಿದ್ದ ತಡಾ ಆಗಿ..."

"ತಡಾ?" ಶಿರಹಟ್ಟಿಯ ಬೀಗರು ತಿರುಗಿದರು. ದನಿ ಏರಿಸಲಿಲ್ಲ, ಅದಕ್ಕೇ ಹೆದರಿಕೆಯಾಯಿತು. "ಯಾರ ಹೇಳಿದ್ರು ತಡಾ ಆಗೇತಂತ? ನನ್ನ ಮಗನ ಅಕ್ಕಿಕಾಳು ವ್ಯಾಳ್ಯಾಕ್ಕ ಬಿದ್ದಾವು. ಫೋಟೊನ ಹೇಳಾಕತ್ತೈತಿ. ನಿನ್ನ ಕಳವು ಮುಚ್ಚಾಕ ನಮ್ಮ ಮುಹೂರ್ತ ತಪ್ಪಸ್ತೀಯೇನ?"

ಮದುಮಗಳ ತಂದೆ ಅಕ್ಕಾರಿಗೆ ಹೇಳಿದರು: "ಇದರದ್ದೊಂದ ಪ್ರಿಂಟ್ ಹಾಕಿ ಕೊಡ್ರಿ. ಸಂಜಿಕ ಸ್ಟೇಷನ್ನಿಗೆ ಹೋಗಿ ಕೊಡ್ತೀವಿ."

ಆ ಕೋಣೆಯಲ್ಲಿದ್ದ ಎಲ್ಲರೂ ಮದುವೆಯಲ್ಲಿದ್ದವರು. ತಡವಾದದ್ದು ಎಲ್ಲರಿಗೂ ಗೊತ್ತು, ಎಷ್ಟು ತಡ ಎಂದು ನೋಡಿಕೊಂಡವರು ಮಾತ್ರ ಕಡಿಮೆ. ಎಲ್ಲರ ಕಿಸೆಯಲ್ಲೂ ಆ ದಿನ ಫೋಟೊ ತೆಗೆದ ಮೊಬೈಲಿತ್ತು. ಯಾರೂ ಹೊರಗೆ ತೆಗೆಯಲಿಲ್ಲ. ಮದುಮಗಳ ತಾಯಿ ಅಕ್ಕಾರನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯದೆ. ಆ ನೋಟದಲ್ಲಿ ವೇದಿಕೆಯ ಹಿಂದೆ ಹಿಡಿದ ಕೈಗಳ ಒತ್ತು ಇನ್ನೂ ಇತ್ತು.

ನನ್ನ ಬಾಯಿ ತೆರೆಯಿತು. ಅಕ್ಕಾರು ಪರದೆಯಿಂದ ಕಣ್ಣು ತೆಗೆಯದೆ ನನ್ನ ಮೊಣಕೈ ಹಿಡಿದರು. "ನೀ ಸುಮ್ನಿರು. ತಿರುವಿದಾಕಿ ನಾನು."

ಪ್ರಿಂಟರಿನ ಗುಂಡಿಯ ಹತ್ತಿರ ಇದ್ದ ಅವರ ಕೈ ಅಲ್ಲಿಂದ ಸರಿದು ಮಡಿಲಿಗೆ ಬಂತು. ಹೊರಗೆ ಓಣಿಯಲ್ಲಿ ಮಗ್ಗ ಬಡಿಯುವ ಸದ್ದು ಕೇಳುತ್ತಿತ್ತು. 

"ಈ ಫೋಟೊದಾಗಿನ ವ್ಯಾಳ್ಯಾ ಸುಳ್ಳ ಐತ್ರಿ" ಎಂದರು. "ಕ್ಯಾಮೆರಾ ಕೆಟ್ಟಿಲ್ಲ. ನಾನ ಒತ್ತೀನಿ. ಗಡಿಯಾರ ಮುಕ್ಕಾಲ ತಾಸ ಹಿಂದ ತಿರುವಿದ್ನಿ. ಕಾಳು ಬಿದ್ದಿದ್ದು ಹನ್ನೊಂದೂಮುಕ್ಕಾಲಕ್ಕ. ಆಗ ಈ ಹುಡುಗಿ ಇಲ್ಲೇ ಅದಾಳ, ನಿಮ್ಮ ಕಣ್ಣ ಮುಂದ."

ಮದುಮಗಳ ತಾಯಿ "ಅಕ್ಕಾರ..." ಎಂದು ಕುಸಿದು ಬೆಂಚಿನ ಮೇಲೆ ಕೂತರು.

"ಯಾರ ತಿರುವಾಕ ಹೇಳಿದ್ರು?" ಬೀಗರು ಕೇಳಿದರು.

"ಯಾರೂ ಹೇಳಿಲ್ಲ. ನನ್ನ ರೂಢಿ ಅದು."

ಮದುಮಗಳ ತಾಯಿ ತಲೆ ಎತ್ತಲಿಲ್ಲ. ಅಕ್ಕಾರು ಅವರ ಕಡೆ ನೋಡಲೂ ಇಲ್ಲ.

"ಹುಡುಗಿ ಉಳಸಾಕ ಬಣ್ಣಾ ಕಟ್ಟಾಕತ್ತೀರಿ" ಎಂದರು ಬೀಗರು.

"ಏ ಡಿಗ್ರಿ, ನಿಂದ ತಗಿ."

ನನ್ನ ಫೋಟೊವನ್ನು ಅವರ ಫೋಟೊದ ಪಕ್ಕಕ್ಕೆ ಇಟ್ಟೆ. ಅವರದರಲ್ಲಿ ಕಾಳು ಗಾಳಿಯಲ್ಲಿ, ನನ್ನದರಲ್ಲಿ ಅದೇ ಕಾಳು ತಲೆಯ ಮೇಲೆ. ಅವರದರಲ್ಲಿ ಹಾರುತ್ತಿದ್ದ ಹೂವಿನ ಎಸಳು ನನ್ನದರಲ್ಲಿ ಬಾಸಿಂಗಕ್ಕೆ ಸಿಕ್ಕಿತ್ತು. ಒಂದು ಉಸಿರಿನ ಅಂತರ. ಅವರದರಲ್ಲಿ ಹನ್ನೊಂದು, ನನ್ನದರಲ್ಲಿ ಹನ್ನೊಂದೂಮುಕ್ಕಾಲು. ಮೊಬೈಲು ಸರಿಪಡಿಸಿದ ವೇಳೆ ಎಂದು ನಾನು ಬಿಡಿಸಿ ಹೇಳಿದೆ.

ಬೀಗರು ನಕ್ಕರು. "ಎರಡ ಕ್ಯಾಮೆರಾ, ಎರಡ ವ್ಯಾಳ್ಯಾ. ಯಾವುದ ನಂಬೂದ್ರಿ? ಇಕಿದ ತಪ್ಪಿರಬೇಕು."

ಅಕ್ಕಾರು ತಮ್ಮ ಫೋಟೊವನ್ನೇ ಹಿಗ್ಗಿಸುತ್ತ ಹೋದರು. ಈ ಕ್ಯಾಮೆರಾಗಳ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ವರನ ಮುಖ ಹೋಯಿತು, ಹುಡುಗಿಯ ಕೈ ಹೋಯಿತು. ಅವರಿಬ್ಬರ ನಡುವೆ ಹಿಂದೆ ನಿಂತು, ಎರಡೂ ಕೈ ಎತ್ತಿ ಕಾಳು ಹಾಕುತ್ತಿದ್ದ ಶಿರಹಟ್ಟಿಯ ಬೀಗರು ಬಂದರು. ಆಮೇಲೆ ಅವರ ಎಡಗೈ ಮಾತ್ರ. ಆಮೇಲೆ ಮಣಿಕಟ್ಟು. ಆಮೇಲೆ ಪರದೆಯ ತುಂಬ ಬಿಳಿ ಮುಖದ, ಬಂಗಾರ ಬಣ್ಣದ ಕೈಗಡಿಯಾರ. ದೊಡ್ಡ ಮುಳ್ಳು ಒಂಬತ್ತರ ಮೇಲೆ, ಸಣ್ಣ ಮುಳ್ಳು ಹನ್ನೆರಡಕ್ಕೆ ಹತ್ತಿರ.

"ನನ್ನ ಗಡಿಯಾರ ನಾ ತಿರುವೀನ್ರಿ" ಎಂದರು ಅಕ್ಕಾರು. "ನಿಮ್ಮ ಕೈಯಾಗಿಂದ ನಾ ಮುಟ್ಟಿಲ್ಲ."

 ಬೀಗರು ನಿಧಾನವಾಗಿ ಅಂಗಿಯ ತೋಳನ್ನು ಎಡಗೈಯ ಮೇಲೆ ಎಳೆದುಕೊಂಡರು. ಸ್ಟುಡಿಯೊಕ್ಕೆ ಬಂದ ದಿನವೂ ಅದೇ ಗಡಿಯಾರ ಕಟ್ಟಿದ್ದರು.

ದೂರು ಕೊಡುವ ಮಾತು ಅಲ್ಲೇ ಬಿದ್ದುಹೋಯಿತು. ಪಾಟ್ಲಿ ಕೆಲವು ದಿನಗಳಲ್ಲಿ ನೆಂಟರ ಪೈಕಿಯೇ ಯಾರದೋ ಚೀಲದಲ್ಲಿ ಸಿಕ್ಕವೆಂದು ಕೇಳಿದೆವು. ಹಸಿರು ಸೀರೆಯನ್ನು ಆ ದಿನ ಅರ್ಧ ಮಂಟಪವೇ ಉಟ್ಟಿತ್ತು. ಹುಡುಗಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕಾರು ಬಹಳ ಹೊತ್ತು ಕ್ಯಾಮೆರಾ ಒರೆಸುತ್ತ ಕೂತಿದ್ದರು. ಒರೆಸಲು ಅಲ್ಲಿ ಏನೂ ಇರಲಿಲ್ಲ. "ನಿನ್ನ ಕ್ಯಾಮೆರಾ ನನ್ನ ಮಾತ ಕೇಳಲಿಲ್ಲ" ಎಂದರು. "ಛಲೋ ಆತು." ನಂತರ ತಮ್ಮದನ್ನೂ ನನ್ನ ಕೈಗೆ ಕೊಟ್ಟು ಮೊಬೈಲಿಗೆ ಜೋಡಿಸಲು ಹೇಳಿದರು.

ಖರೆ ಹೇಳಿದ್ದಕ್ಕೆ ಎಲ್ಲ ಚೆನ್ನಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಹೂರ್ತ ಮುರಿದಾಕಿ ಎಂಬ ಹೆಸರು ಬಿತ್ತು. ಮಾತಾಡಿಟ್ಟ ಮದುವೆಗಳು ಒಂದೊಂದೇ ಬೇರೆಯವರ ಪಾಲಾದವು. "ಸ್ವಲ್ಪ ಹಿಂದ ತಿರುವ್ರಿ" ಎಂದು ಕೇಳಿದವರಿಗೆ "ಸ್ವಲ್ಪ ಜಲ್ದಿ ಬರ್ರಿ" ಎನ್ನುವ ಫೋಟೊದವಳು ಯಾರಿಗೆ ಬೇಕು? ಅದಕ್ಕೆ ಅವರು ಅಷ್ಟು ನೊಂದುಕೊಳ್ಳಲಿಲ್ಲ. ನೊಂದದ್ದು ಬೇರೆಯದಕ್ಕೆ. ಶಿರಹಟ್ಟಿಯ ಆ ಮನೆಯಲ್ಲಿ ಲೋಟ ಬಿದ್ದಾಗಲೆಲ್ಲ ಮಾತು ಸೊಸೆಯ ಮೇಲೆ ಬರುತ್ತಿದೆ ಎಂಬ ಖಬರು ಬೆಟಗೇರಿಗೂ ಮುಟ್ಟುತ್ತಿತ್ತು. ಮದುಮಗಳ ತಾಯಿ ಪ್ಯಾಟಿಯಲ್ಲಿ ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದರು.

"ಒಬ್ಬಾಕೀನ ಉಳಸಾಕ ಹೋಗಿ ಇನ್ನೊಬ್ಬಾಕಿ ತಲಿಮ್ಯಾಲ ಇಟ್ನಿ" ಎಂದಿದ್ದರು ಒಮ್ಮೆ, ಗೌನು ಮಡಚುತ್ತಾ. "ಹೇಳಿದ್ದ ತಪ್ಪಲ್ಲ. ಮೊದ್ಲ ತಿರುವಬಾರ್ದಾಗಿತ್ತು." ಅವರ ಬಾಯಲ್ಲಿ ಇನ್ನೊಬ್ಬರ ತಪ್ಪು ನೂರು ಸಲ ಕೇಳಿದ್ದೆ. ತಮ್ಮದನ್ನು ಹೇಳಿಕೊಂಡದ್ದು ಅದೊಂದೇ ಸಲ.

ಅವರು ಕೈಯಲ್ಲಿ ಕ್ಯಾಮೆರಾ ಹಿಡಿದ ಕೊನೆಯ ಮದುವೆ ಮುಂಡರಗಿಯಲ್ಲಿ. ಆ ಹುಡುಗಿಯದೇ. ಬೇರೆಯವರನ್ನು ಕರೆಸೋಣ ಎಂದ ಮನೆಯವರಿಗೆ ಅವಳು, ಅಕ್ಕಾರು ಬರದಿದ್ದರೆ ಫೋಟೊವೇ ಬೇಡ ಎಂದಿದ್ದಳಂತೆ. ಆ ಹೊತ್ತಿಗೆ ಅಕ್ಕಾರಿಗೆ ಆರಾಮಿರಲಿಲ್ಲ. ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿಯುತ್ತಿದ್ದರು.

ಅಲ್ಲೂ ಗಂಡಿನವರು ತಡ. ಮುಹೂರ್ತ ದಾಟುತ್ತಿತ್ತು. ವೇದಿಕೆಯ ಪಕ್ಕ ಹುಡುಗಿಯ ಅಪ್ಪ ಬಂದು ನಿಂತರು. ಅಂದು ಸ್ಟುಡಿಯೊ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಅದೇ ಮನುಷ್ಯ. ಆಚೀಚೆ ನೋಡಿ, ದನಿ ತಗ್ಗಿಸಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಹಿಂದಕ್ಕೆ ತಿರುವಿ ತೋರಿಸಿದರು.

"ಅಕ್ಕಾರ... ಒಂದ ಸ್ವಲ್ಪ."

ನಾನು ಅಕ್ಕಾರ ಮುಖ ನೋಡಿದೆ. ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಅವರ ಕಣ್ಣಲ್ಲಿ ಕಂಡದ್ದು ಭಯ. ಕೇಳುತ್ತಿರುವವರು ಹೆಣ್ಣಿನ ತಂದೆ, ಮೊದಲ ಮಗಳು, ಮುಂದೆ ಆ ಮನೆಯಲ್ಲೂ ಲೋಟಗಳು ಬೀಳುತ್ತವೆ. ಅಕ್ಕಾರ ಹೆಬ್ಬೆರಳು ಮೆನುವಿನ ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ, ತೆಗೆಯಲೂ ಇಲ್ಲ.

ಹುಡುಗಿ ವೇದಿಕೆಯ ಮೇಲೆ ಅಂತರಪಟದ ಈಚೆ ನಿಂತಿದ್ದವಳು ಅಪ್ಪನ ಕೈ ನೋಡಿದ್ದಳು. ಮದುಮಗಳು ತಲೆ ತಗ್ಗಿಸಿರಬೇಕು, ಅವಳು ಎತ್ತಿದಳು.

"ಅಕ್ಕಾರ, ಟೈಮ್ ಎಷ್ಟಾತ್ರಿ?"

ವಾಲಗದವರು ಕೂಡ ಕೊಳವೆ ಕೆಳಗಿಳಿಸಿದರು. ಅಕ್ಕಾರು ಕ್ಯಾಮೆರಾದ ಪರದೆ ನೋಡಿ ಇದ್ದ ವೇಳೆಯನ್ನು ಇದ್ದ ಹಾಗೆ ಹೇಳಿದರು. ಆ ದೊಡ್ಡ ಮಂಟಪದಲ್ಲಿ ಅವರ ದನಿ ಹಿಂದಿನ ಸಾಲಿನವರೆಗೂ ಹೋಯಿತು. ಆಮೇಲೆ, "ಮುಹೂರ್ತ ದಾಟೇತವಾ" ಎಂದರು, ತಾಯಿ ಮಗಳಿಗೆ ಹೇಳುವ ಹಾಗೆ.

ಹುಡುಗಿ ಅಂತರಪಟದ ಮೇಲಿನಿಂದ ಆಚೆ ನಿಂತ ಗಂಡನ್ನು ನೋಡಿದಳು. ಅವನು ಬೆವರುತ್ತಿದ್ದ. ತಲೆ ಅಲ್ಲಾಡಿಸಿದ, ಇರಲಿ ಎಂಬಂತೆ.

"ದಾಟ್ಲಿ ಬಿಡ್ರಿ" ಎಂದಳು ಅವಳು. "ಯಾರರ ಮುಂದ ಕೇಳಿದ್ರ, ಆವತ್ತ ಇಷ್ಟಾಗಿತ್ತು ಅಂತ ನಾನ ಹೇಳ್ತೀನಿ. ನೀವ ತಗೀರಿ."

ಅಂತರಪಟ ಸರಿಯಿತು. ಅಕ್ಕಿಕಾಳು ಮೇಲೆದ್ದವು. ಅಕ್ಕಾರು ಮೆನು ಬಿಟ್ಟು ಫೋಟೊದ ಗುಂಡಿ ಒತ್ತಿದರು.